ದೊಡ್ಡ ಸ್ವಾಮಿಯೋರು ಲೆಕ್ಕಕ್ಕೆ ಹಿಡಿಯದವರು

ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್ 1823ರ ಜನವರಿಯಲ್ಲಿ ಊರಿಗೆ ಮರಳಲು ಹಡಗು ಹತ್ತಿದಾಗ ಅವರು ಭಾರತಕ್ಕೆ ಬಂದು ಮೂವತ್ತು ವರ್ಷ ದಾಟಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚೆದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಮೈಸೂರು ಸೀಮೆಗೆ ಬಂದವರು ಅವರು. ಹಾಸನದ ಕಡೆಯ ಹಳ್ಳಿಗಳಲ್ಲಿ ಬೇಸಾಯಗಾರ ಕ್ರೈಸ್ತರ ನೆಲೆ ಕಟ್ಟಿದರು. ಉಡುಪು, ಊಟ, ನಡೆನುಡಿ ಎಲ್ಲದರಲ್ಲೂ ಈ ನೆಲದವರಂತೆಯೇ ಬಾಳಿದರು. ಜನ ಅವರನ್ನು ಕರೆದದ್ದು ‘ದೊಡ್ಡ ಸ್ವಾಮಿಯೋರು’ ಎಂದು. ಅವರು ಹೊರಟ ವರ್ಷವೇ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕವೊಂದು ಅಚ್ಚಾಯಿತು. ಅದರ ತಿರುಳು ಬಲು ಕಹಿ: ಈ ದೇಶದಲ್ಲಿ ಕ್ರೈಸ್ತಧರ್ಮ ಹಬ್ಬುವ ಆಸೆ ಇಟ್ಟುಕೊಳ್ಳಬೇಡಿ. ಇಪ್ಪತ್ತೈದು ವರ್ಷ ದುಡಿದು ತಾವು ಸೇರಿಸಿಕೊಂಡದ್ದು ಇನ್ನೂರು ಮುನ್ನೂರು ಮಂದಿ, ಅದೂ ಒಬ್ಬ ದೇಶೀ ಪಾದ್ರಿಯ ನೆರವಿನಿಂದ ಎಂದು ಅವರು ಲೆಕ್ಕ ಒಪ್ಪಿಸಿದರು. ಆ ದೇಶೀ ಪಾದ್ರಿ ಯಾರು, ಯಾವ ಊರಿನವರು? ಲೆಕ್ಕದ ಆ ಸಾಲಿನಲ್ಲಿ ಹೆಸರಿಲ್ಲ.

ಸಂಖ್ಯೆಯ ಮಟ್ಟಿಗೆ ದುಬಾಯ್ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87ರಷ್ಟು, ಹಾಸನ ಜಿಲ್ಲೆಯಲ್ಲಿ ಅದಕ್ಕಿಂತಲೂ ಕಡಿಮೆ. ಆದರೆ ಆ ಸ್ವಲ್ಪ ಜನ ಉಳಿದುಕೊಂಡರು. ಎರಡು ಶತಮಾನ ಕಳೆದರೂ ಹಾಸನದ ಸುತ್ತ ರಾಗಿ, ಆಲೂಗಡ್ಡೆ ಬೆಳೆಯುವ ಕ್ಯಾಥೊಲಿಕ್ ಒಕ್ಕಲು ಮನೆತನಗಳಿವೆ, ಚರ್ಚಿನ ಗಂಟೆಗೆ ಎದ್ದು ಹೊಲಕ್ಕೆ ಹೋಗುವ ಊರುಗಳಿವೆ. ದೊಡ್ಡ ಸ್ವಾಮಿಯೋರು ಹೋದ ಮೇಲೆ ಇವನ್ನು ಹಿಡಿದು ನಿಲ್ಲಿಸಿದವರು ಯಾರು? ಅವರ ನಂತರ ಬಂದ ಫ್ರೆಂಚ್ ಪಾದ್ರಿಗಳ ಪಾಲು ದೊಡ್ಡದೇ. ಆದರೆ ಒಬ್ಬ ಪಾದ್ರಿಗೆ ಹತ್ತಾರು ಹಳ್ಳಿ, ಕುದುರೆಯ ಮೇಲೋ ಕಾಲುನಡಿಗೆಯಲ್ಲೋ ಸುತ್ತಾಟ. ಒಂದು ಊರಿಗೆ ಅವರ ಮುಖ ಕಾಣುತ್ತಿದ್ದದ್ದು ಯಾವಾಗಲೋ ಒಮ್ಮೆ. ಉಳಿದ ದಿನಗಳಲ್ಲಿ ಜಪ ಹೇಳಿಸಿದವರು, ಮಕ್ಕಳಿಗೆ ಧರ್ಮೋಪದೇಶ ಕಲಿಸಿದವರು, ಸಾಯುವವರ ತಲೆದೆಸೆಯಲ್ಲಿ ಕುಳಿತವರು ಊರಿನ ಉಪದೇಶಿಗಳು ಮತ್ತು ಮನೆಯ ಹಿರಿಯರು. ಕ್ರೈಸ್ತ ಸೇವೆಯಲ್ಲಿ ನಾಯಕ ಬೆಳೆಯುವುದು ಅಂದರೇನು ಎಂಬ ಪ್ರಶ್ನೆಯನ್ನು ನಾನು ಇಲ್ಲಿಂದಲೇ ನೋಡುತ್ತೇನೆ. ಅವನು ಇಲ್ಲದ ಭಾನುವಾರ ಹೇಗೆ ನಡೆಯುತ್ತದೆ ಎಂಬುದೇ ಅವನ ಬೆಳವಣಿಗೆಯ ಅಳತೆ. ಕೂಟದ ಗಾತ್ರ, ಹೆಸರಿನ ಮುಂದಿನ ಬಿರುದು, ಮೈಕಿನ ಅಬ್ಬರ ಇವೆಲ್ಲ ಆಮೇಲಿನ ಮಾತು.

ಕ್ರೈಸ್ತರಲ್ಲದ ಓದುಗರಿಗೆ ಒಂದೆರಡು ಪದಗಳ ಪರಿಚಯ ಬೇಕಾದೀತು. ಪ್ರಾಟೆಸ್ಟೆಂಟರ ಬಾಯಲ್ಲಿ ‘ಸಭೆ’ ಎಂದರೆ ಮೀಟಿಂಗ್ ಅಲ್ಲ, ಆರಾಧನೆಗೆ ಸೇರುವ ವಿಶ್ವಾಸಿಗಳ ಬಳಗ. ಅದನ್ನು ನೋಡಿಕೊಳ್ಳುವವರು ಸಭಾಪಾಲಕರು. ಹಳೆಯ ಮಿಷನ್ ಸಭೆಗಳಲ್ಲಿ ‘ಅಯ್ಯನವರು’, ಹೊಸ ಸಭೆಗಳಲ್ಲಿ ‘ಪಾಸ್ಟರ್’. ಕ್ಯಾಥೊಲಿಕರಲ್ಲಿ ‘ಗುರುಗಳು’, ‘ಸ್ವಾಮಿಯವರು’, ಈಗೀಗ ಎಲ್ಲ ಕಡೆ ‘ಫಾದರ್’. ಇವರೆಲ್ಲ ಮಾಡುವ ಕೆಲಸಕ್ಕೆ ಮಾತ್ರ ಎಲ್ಲರೂ ಬಳಸುವುದು ಒಂದೇ ಪದ: ಸೇವೆ. “ಅವರು ಅರಕಲಗೂಡಿನಲ್ಲಿ ಸೇವೆಯಲ್ಲಿದ್ದಾರೆ” ಎಂದರೆ ಅಲ್ಲಿ ಸಭೆ ನಡೆಸುತ್ತಿದ್ದಾರೆ ಎಂದರ್ಥ. ಪದವೇನೋ ವಿನಯದ್ದು, ಆದರೆ ಅದರ ಸುತ್ತ ಬೆಳೆದಿರುವ ಪರಿವಾರ ಹಾಗಿಲ್ಲ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಿಂದ ಹೊಳೆನರಸೀಪುರದ ಸಂತೆಬೀದಿಯವರೆಗೆ ಎಲ್ಲ ಪಕ್ಷ, ಎಲ್ಲ ಸಂಘ, ಎಲ್ಲ ಧರ್ಮದವರೂ ಫ್ಲೆಕ್ಸ್ ಕಟ್ಟುವ ಕಾಲ ಇದು. ಉಪವಾಸ ಪ್ರಾರ್ಥನೆಯ ಫ್ಲೆಕ್ಸಿನಲ್ಲೂ ದೇವರ ವಾಕ್ಯ ಒಂದು ಮೂಲೆಯಲ್ಲಿ, ದೇವರ ಸೇವಕರ ಭಾವಚಿತ್ರ ಆಳೆತ್ತರಕ್ಕೆ. ಹೆಸರಿನ ಮುಂದೆ ‘ರೆವರೆಂಡ್ ಡಾಕ್ಟರ್’, ಕೆಲವೊಮ್ಮೆ ‘ಅಪೊಸ್ತಲ’. ಸೇವಕ ಎಂಬ ಪದಕ್ಕೆ ಇಷ್ಟು ದೊಡ್ಡ ಪೇಟ ಸುತ್ತಿದರೆ ಕೆಳಗಿನ ತಲೆ ಕಾಣುವುದು ಕಷ್ಟ.

ಮತ್ತೆ ದುಬಾಯ್ ಅವರ ಕಡೆಗೇ ಬರೋಣ. ಅವರ ಹೆಸರಿಗೆ ಇನ್ನೊಂದು ಲೆಕ್ಕವೂ ಇದೆ. 1803–04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಮೈಸೂರು ಸೀಮೆಯ 25,432 ಜನರಿಗೆ ಸಿಡುಬಿನ ವಿರುದ್ಧ ದೇವಿ ಹಾಕಲಾಯಿತು. ಮುಂಬಯಿಯಲ್ಲಿ 1802ರ ಜೂನ್‌ನಲ್ಲಿ ಭಾರತದ ಮೊದಲ ಚುಚ್ಚಿಕೆ ನಡೆದ ಒಂದೆರಡು ವರ್ಷದೊಳಗಿನ ಮಾತು ಇದು. ಆಗ ಶೀಶೆ, ಫ್ರಿಜ್ಜು ಯಾವುದೂ ಇರಲಿಲ್ಲ. ಒಬ್ಬನ ತೋಳಿಗೆ ಚುಚ್ಚಿದ ಜಾಗದಲ್ಲಿ ಎಂಟನೆಯ ದಿನದ ಹೊತ್ತಿಗೆ ಗುಳ್ಳೆ ಏಳಬೇಕು, ಅದರ ರಸವನ್ನು ತೆಗೆದು ಇನ್ನೊಬ್ಬನ ತೋಳಿಗೆ ದಾಟಿಸಬೇಕು. ಒಂದು ವಾರ ಒಂದು ಊರಿನಲ್ಲಿ ಸರಪಣಿ ಕಡಿದರೆ ಮದ್ದೇ ಸತ್ತುಹೋಗುತ್ತಿತ್ತು. ಆಮೇಲೆ ಮತ್ತೆಲ್ಲಿಂದಲೋ ತರಿಸಬೇಕು. ಹೀಗೆ ಇಪ್ಪತ್ತೈದು ಸಾವಿರ ತೋಳುಗಳನ್ನು ಒಬ್ಬ ಮನುಷ್ಯ ಮುಟ್ಟುವುದು ಆಗದ ಮಾತು. ಚುಚ್ಚಲು ಕಲಿತವರು, ಮಗುವನ್ನು ಹಿಡಿದುಕೊಂಡು ಮುಂದಿನ ಊರಿಗೆ ನಡೆದವರು, ಬೆದರಿದ ತಾಯಂದಿರನ್ನು ಒಪ್ಪಿಸಿದವರು ಇದ್ದರೆ ಮಾತ್ರ ಈ ಸಂಖ್ಯೆ ಮುಟ್ಟಬಹುದು. ನನಗೆ ಕುತೂಹಲ ಹುಟ್ಟಿಸುವುದು ಇದೇ: ಹಂಚಿಕೊಂಡು ಮಾಡಿದ ಕೆಲಸದಲ್ಲಿ ಅದೇ ಮನುಷ್ಯನಿಗೆ ಸಾವಿರಗಳ ಲೆಕ್ಕ ಸಿಕ್ಕಿತು; ತನ್ನದೇ ಎಂದು ಎಣಿಸಿಕೊಂಡ ಕೆಲಸದಲ್ಲಿ ನೂರುಗಳ ಲೆಕ್ಕ, ಜೊತೆಗೆ ನಿರಾಶೆ. ಚುಚ್ಚುವುದಕ್ಕೂ ಧರ್ಮ ಬೋಧಿಸುವುದಕ್ಕೂ ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೆ ತೋಳಿನಿಂದ ತೋಳಿಗೆ ದಾಟದೆ ಉಳಿಯದ ಗುಣ ಎರಡಕ್ಕೂ ಇದೆ.

ಹಾಸನಕ್ಕೆ ಇನ್ನೊಂದು ದಾರಿಯಿಂದಲೂ ಮಿಷನ್ ಬಂತು. ಊರಿನ ಜನ ಇಂದಿಗೂ ಮಿಷನ್ ಆಸ್ಪತ್ರೆ ಎನ್ನುವ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ವೆಸ್ಲಿಯನ್ ಮೆಥೊಡಿಸ್ಟರದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಾಗ ಈ ಮೆಥೊಡಿಸ್ಟರೂ ಅದರಲ್ಲಿ ಸೇರಿಹೋದರು. ಈ ಪಂಗಡದ ಮೂಲಪುರುಷ ಜಾನ್ ವೆಸ್ಲಿ ನಾಯಕರನ್ನು ತಯಾರಿಸಿದ ಬಗೆ ಸ್ವಾರಸ್ಯದ್ದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಾಗಿತ್ತು. ಸದಸ್ಯರೆಲ್ಲ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬ ಕಪ್ತಾನ ಸೂಚಿಸಿದ. ಬಡವರು ಎಲ್ಲಿಂದ ಕೊಟ್ಟಾರು ಎಂದು ಕೇಳಿದ್ದಕ್ಕೆ, ತೀರ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಪಾಲಿಗೆ ಹಾಕಿ, ಅವರು ಕೊಟ್ಟರೆ ಸರಿ, ಕೊಡದಿದ್ದರೆ ನಾನೇ ತುಂಬುತ್ತೇನೆ ಎಂದ. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪು, ಗುಂಪಿಗೊಬ್ಬ ಮುಂದಾಳು. ಅವನು ಪ್ರತಿ ವಾರ ಮನೆಮನೆಗೆ ಹೋಗಿ ಕಾಸು ಕೇಳಬೇಕು. ಕಾಸು ಕೇಳಲು ಹೋದವನ ಕಣ್ಣಿಗೆ ಆ ಮನೆಯ ಕುಡಿತ ಬಿತ್ತು, ಕಾಯಿಲೆ ಬಿತ್ತು, ಗಂಡಹೆಂಡಿರ ಜಗಳ ಬಿತ್ತು. ಸಾಲ ವಸೂಲಿಯ ಏರ್ಪಾಡು ಮನುಷ್ಯರನ್ನು ನೋಡಿಕೊಳ್ಳುವ ಏರ್ಪಾಡಾಯಿತು. ವೆಸ್ಲಿಯ ಹೆಚ್ಚುಗಾರಿಕೆ ಇದನ್ನು ಗುರುತಿಸಿ ಬೆಳೆಸಿದ್ದರಲ್ಲಿದೆ. ದೀಕ್ಷೆ ಪಡೆಯದ ಕುಶಲಕರ್ಮಿಗಳು, ಅಂಗಡಿಯವರು, ಹೆಂಗಸರು ಕೂಡ ಹನ್ನೆರಡು ಜನರ ಹೊಣೆ ಹೊತ್ತು ಮುಂದಾಳುಗಳಾದರು. ಒಬ್ಬ ಬೋಧಕನಿಗೆ ಹಲವು ಊರು ಹಂಚಿಕೊಟ್ಟು, ನಡುವಿನ ಭಾನುವಾರಗಳನ್ನು ಊರಿನವರೇ ನಡೆಸುವ ಪದ್ಧತಿಯೂ ಅಲ್ಲಿಂದಲೇ ಬಂದದ್ದು.

ಇದನ್ನು ನಮ್ಮ ತಾಲ್ಲೂಕುಗಳಿಗೆ ತಂದು ನೋಡಿದರೆ ಹೊಸದೇನೂ ಅನ್ನಿಸುವುದಿಲ್ಲ. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರನಿಗೆ ರಾಮನಾಥಪುರದ ಹರಾಜಿನಲ್ಲಿ ಬೆಲೆ ಬಿದ್ದ ದಿನ ಅವನ ಮನೆಯಲ್ಲಿ ಏನಾಗುತ್ತದೆ ಎಂದು ಪಕ್ಕದ ಮನೆಯವನಿಗೆ ಗೊತ್ತು. ಆಲೂಗಡ್ಡೆ ಬಿತ್ತನೆಯ ವಾರದಲ್ಲಿ ಬೆಳಗಿನ ಆರಾಧನೆಗೆ ಯಾಕೆ ಜನ ಬರುವುದಿಲ್ಲ ಎಂದು ಉಪದೇಶಿಗೆ ಗೊತ್ತು. ಬೆಂಗಳೂರಿನಿಂದ ಬಂದ ಪ್ರಸಂಗಿಗೆ ಗೊತ್ತಿಲ್ಲ, ಅವನು ಭಕ್ತಿ ಕಡಿಮೆಯಾಗಿದೆ ಎಂದು ಗದರಿಸಿ ಹೋಗುತ್ತಾನೆ. ಹತ್ತು ಮನೆಗಳ ಕಷ್ಟಸುಖ ಬಲ್ಲವರನ್ನು ಗುರುತಿಸಿ ಅವರಿಗೆ ಹೊಣೆ ವಹಿಸಬೇಕು, ತಪ್ಪಿದರೆ ತಿದ್ದಬೇಕು, ಮತ್ತೆ ಅವರಿಗೇ ಬಿಟ್ಟುಕೊಡಬೇಕು. ಪಾಲಕನ ದಿನನಿತ್ಯದ ಕೆಲಸದಲ್ಲಿ ಇದು ಎಷ್ಟು ಪಾಲು ಎಂದು ಕೇಳಿಕೊಂಡರೆ ಬಹಳ ಕಡೆ ಉತ್ತರ ಮುಜುಗರದ್ದೇ.

ಶೆಟ್ಟಿಹಳ್ಳಿಯ ರೋಸರಿ ಚರ್ಚು ಈಗ ಫೋಟೊ ತೆಗೆಯುವವರ ಪಾಲಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಆ ಗುಡಿ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ಎಲ್ಲರೂ ಬರೆಯುವುದು ಗೋಡೆಗಳ ಬಗ್ಗೆ. ಆದರೆ ಊರು ಎಲ್ಲಿಗೆ ಹೋಯಿತು? ನೀರು ಏರುವ ಮುಂಚೆ ಜನ ಮೇಲಿನ ನೆಲಕ್ಕೆ ಬಂದು, ಜೋಸೆಫ್ ನಗರ, ಮರಿಯಾ ನಗರ ಎಂಬಂಥ ಹೊಸ ಊರುಗಳಲ್ಲಿ ನೆಲೆನಿಂತರು. ಪರಿಹಾರದ ಕಾಗದ ಓದಿಸಿಕೊಳ್ಳುವುದು, ಯಾವ ಮನೆತನಕ್ಕೆ ಯಾವ ಸೈಟು, ಹಳೆಯ ಸಮಾಧಿಗಳನ್ನು ಏನು ಮಾಡುವುದು, ಹೊಸ ಊರಿನಲ್ಲಿ ಮೊದಲ ಹಬ್ಬ ಯಾರ ಮುಂದಾಳತ್ವದಲ್ಲಿ ಎಂಬ ಪ್ರಶ್ನೆಗಳು ಬಲಿಪೀಠದ ಮೇಲಿಂದ ಬಗೆಹರಿಯುವಂಥವಲ್ಲ. ಕಟ್ಟಡ ಹೋದರೂ ಒಂದು ಧರ್ಮಕೇಂದ್ರ ಉಳಿಯಬೇಕಾದರೆ ಆ ಹೊತ್ತಿಗೆ ಊರಿನೊಳಗೆ ಹೆಗಲು ತಯಾರಿರಬೇಕು. ಹಾಸನ, ಚಿಕ್ಕಮಗಳೂರು ಸೀಮೆಗೆ 1963ರಲ್ಲಿ ಪ್ರತ್ಯೇಕ ಧರ್ಮಪ್ರಾಂತ ಆಗಿ ಅಲ್ಫೋನ್ಸ್ ಮಥಾಯಸ್ ಮೊದಲ ಧರ್ಮಾಧ್ಯಕ್ಷರಾದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲ್ಯಾಟಿನ್ನಿನಿಂದ ಕನ್ನಡಕ್ಕೆ ಬಂತು. ಈ ಎರಡನೆಯದನ್ನು ನಾನು ಹೆಚ್ಚು ದೊಡ್ಡ ಬದಲಾವಣೆ ಎನ್ನುತ್ತೇನೆ. ಅಲ್ಲಿಯವರೆಗೆ ಕೇಳುತ್ತ ಮೊಣಕಾಲೂರಿದ್ದ ರೈತನ ಮಗಳು ಎದ್ದು ಬಂದು ವಾಚನ ಓದುವುದು ಆಮೇಲೆಯೇ ಸಾಧ್ಯವಾದದ್ದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ, ಅದನ್ನು ಎತ್ತುವವರು ಅನುಭವಸ್ಥರು. ಹೊಣೆ ಹಂಚಿ ಎನ್ನುವುದು ಸುಲಭ. ಹಳ್ಳಿಯಲ್ಲಿ ಹಂಚಿದ ಹೊಣೆ ಹೋಗಿ ಸೇರುವುದು ಬಲವಿದ್ದವನ ಜೇಬಿಗೆ. ಕಮಿಟಿ ಎಂದರೆ ಎರಡು ಮನೆತನಗಳ ಪಟೇಲಿಕೆ, ಜಾತಿಯ ಹಳೆಯ ಏಣಿಗೆ ಹೊಸ ಬಣ್ಣ. ಅದಕ್ಕಿಂತ ಹೊರಗಿನಿಂದ ವರ್ಗವಾಗಿ ಬಂದ, ಯಾರ ನೆಂಟನೂ ಅಲ್ಲದ ಪಾಲಕನೇ ಬಡವರಿಗೆ ಆಸರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕ್ರೈಸ್ತರಾದ ಮೇಲೂ ಜಾತಿ ಮನೆಯೊಳಗೇ ಇತ್ತು ಎಂಬುದು ದುಬಾಯ್ ಕಾಲದಿಂದ ಇಂದಿನವರೆಗೆ ಎಲ್ಲರೂ ಬಲ್ಲ ಸಂಗತಿ. ನನ್ನ ಉತ್ತರ ಅರ್ಧದ್ದು ಮಾತ್ರ. ಹಂಚಿಕೆ ಕೆಟ್ಟಿದ್ದರೆ ಒಬ್ಬನ ಕೈಗೇ ಎಲ್ಲ ಕೊಡುವುದು ಮದ್ದಾಗದು, ಏಕೆಂದರೆ ಆ ಒಬ್ಬನನ್ನು ಬಲವಿದ್ದವರು ಊಟಕ್ಕೆ ಕರೆದು ಒಲಿಸಿಕೊಳ್ಳುವುದು ಕಮಿಟಿಯನ್ನು ಒಲಿಸಿಕೊಳ್ಳುವುದಕ್ಕಿಂತ ಸುಲಭ. ಅವಧಿಗೆ ಮಿತಿ ಇರಲಿ, ಒಂದೇ ಮನೆಯ ಇಬ್ಬರು ಬೇಡ, ಹೆಂಗಸರ ಸ್ಥಾನ ಹೆಸರಿಗಷ್ಟೇ ಆಗದಿರಲಿ. ಈ ಕೊನೆಯದರಲ್ಲಿ ಸಿಎಸ್‌ಐ 1976ರಲ್ಲಿ ಎಲಿಜಬೆತ್ ಪೌಲ್ ಅವರಿಗೆ ಪಾಲಕ ದೀಕ್ಷೆ ಕೊಟ್ಟು ದಾರಿ ತೆರೆಯಿತು, 2013ರಲ್ಲಿ ನಂದ್ಯಾಲದಲ್ಲಿ ಪುಷ್ಪ ಲಲಿತ ಬಿಷಪ್ ಆದರು. ಆದರೂ ಪಾಲಕರ ಹೆಂಡತಿ ‘ಅಮ್ಮನವರು’ ಸಂಬಳವಿಲ್ಲದೆ, ಪದವಿಯಿಲ್ಲದೆ ಅರ್ಧ ಸಭೆಯನ್ನು ನೋಡಿಕೊಳ್ಳುವುದು ನಿಂತಿಲ್ಲ. ಹಿಂದೆ ಮನೆಮನೆಗೆ ಹೋಗಿ ವಾಕ್ಯ ಓದುತ್ತಿದ್ದ ‘ಬೈಬಲ್ ಸ್ತ್ರೀ’ಯರನ್ನು ಯಾವ ಲೆಕ್ಕದಲ್ಲಿ ಬರೆದಿಟ್ಟಿದ್ದಾರೋ.

ಇನ್ನೊಂದು ಆಕ್ಷೇಪ ಭಕ್ತಿಯದು. ದೇವರ ಕರೆ ಬಂದವನು ದೇವರಿಗೆ ಉತ್ತರ ಹೇಳಿದರೆ ಸಾಕು, ಮನುಷ್ಯರಿಗೇಕೆ? ಇದಕ್ಕೆ ಬೈಬಲ್ಲೇ ಅಡ್ಡ ನಿಲ್ಲುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದ ಮೋಶೆಯನ್ನು ಅವನ ಮಾವ ನೋಡಿ, ನೀನೂ ಸೋಲುತ್ತೀ, ಜನರನ್ನೂ ಸೋಲಿಸುತ್ತೀ ಎಂಬರ್ಥದಲ್ಲಿ ಎಚ್ಚರಿಸುತ್ತಾನೆ, ಮೋಶೆ ಕೇಳುತ್ತಾನೆ. ಪೌಲನು ಬಡವರಿಗಾಗಿ ಹಣ ಕೂಡಿಸಿದಾಗ ತಾನೊಬ್ಬನೇ ಹೊತ್ತೊಯ್ಯುವುದಿಲ್ಲ. ಯಾರೂ ಬೆರಳು ತೋರಿಸದಿರಲಿ ಎಂದು ಸಭೆಗಳು ಆರಿಸಿದವರನ್ನು ಜೊತೆಗೆ ಹಾಕಿಕೊಳ್ಳುತ್ತಾನೆ. ಎಲ್ಲಕ್ಕಿಂತ ನನಗೆ ಮೆಚ್ಚಿಗೆಯಾಗುವುದು ಬಾರ್ನಬನ ಕಥೆ. ಯಾರೂ ನಂಬದಿದ್ದ ಸೌಲನನ್ನು, ಅಂದರೆ ಮುಂದೆ ಪೌಲ ಎನಿಸಿಕೊಂಡವನನ್ನು, ಕೈಹಿಡಿದು ತಂದವನು ಅವನು. ಅಪೊಸ್ತಲರ ಕೃತ್ಯಗಳ ಹದಿಮೂರನೆಯ ಅಧ್ಯಾಯದ ಆರಂಭದಲ್ಲಿ ‘ಬಾರ್ನಬ ಮತ್ತು ಸೌಲ’ ಎಂದಿರುವ ಹೆಸರುಗಳ ಸಾಲು ಅದೇ ಅಧ್ಯಾಯ ಮುಗಿಯುವುದರೊಳಗೆ ‘ಪೌಲ ಮತ್ತು ಬಾರ್ನಬ’ ಎಂದು ತಿರುಗುತ್ತದೆ. ಬಾರ್ನಬ ಮುನಿಸಿಕೊಂಡ ಎಂದು ಅಲ್ಲೆಲ್ಲೂ ಬರೆದಿಲ್ಲ. ಮುಂದೆ ಅವರಿಬ್ಬರೂ ಜಗಳಾಡಿ ಬೇರೆಯಾದರು, ನಿಜ. ಆ ಜಗಳ ಎದ್ದದ್ದು ಇನ್ನೊಬ್ಬ ಹುಡುಗನಿಗೆ ಎರಡನೆಯ ಅವಕಾಶ ಕೊಡಬೇಕೆಂದು ಬಾರ್ನಬ ಹಟ ಹಿಡಿದದ್ದಕ್ಕೆ.

ಹಣದ ಮಾತು ಬಂತು, ಸ್ವಲ್ಪ ಹತ್ತಿರದಿಂದ ನೋಡೋಣ. ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲವನ್ನು ಮೇಜಿನ ಮೇಲೆ ಸುರಿಯುತ್ತಾರೆ. ಹತ್ತರ ನೋಟು ಒಂದು ಕಡೆ, ಇಪ್ಪತ್ತರದು ಒಂದು ಕಡೆ, ಚಿಲ್ಲರೆ ಗುಡ್ಡೆ. ನಾಲ್ಕಾಗಿ ಮಡಿಸಿದ ನೋಟನ್ನು ಬಿಡಿಸಿ ತಟ್ಟುವ ಒಬ್ಬ ಹಿರಿಯ. ಎದುರಿಗೆ ಪುಸ್ತಕ ಬಿಚ್ಚಿಕೊಂಡ ಖಜಾಂಚಿ. ಎಣಿಸಿದವರಿಬ್ಬರೂ ಸಾಲಿನ ಕೊನೆಗೆ ರುಜು ಹಾಕಬೇಕು. ಪಾಲಕರು ಅಷ್ಟು ಹೊತ್ತು ಬಾಗಿಲ ಬಳಿ ನಿಂತು ಮುದುಕಿಯರ ಮಂಡಿನೋವು ವಿಚಾರಿಸುತ್ತಿರುತ್ತಾರೆ, ಮೇಜಿನ ಹತ್ತಿರ ಸುಳಿಯುವುದಿಲ್ಲ. ಈ ಇಪ್ಪತ್ತು ನಿಮಿಷದಲ್ಲಿ ಒಬ್ಬ ನಾಯಕನ ಗುಣ ತಿಳಿಯುವಷ್ಟು ಒಂದು ಗಂಟೆಯ ಪ್ರಸಂಗದಲ್ಲಿ ತಿಳಿಯದು. ಕ್ಯಾಥೊಲಿಕರ 1983ರ ಧರ್ಮಸಂಹಿತೆ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು ಎಂದಿತು. ಹಳೆಯ ಸಭೆಗಳಲ್ಲಿ ಏರ್ಪಾಡಾದರೂ ಇದೆ. ನಡೆಯದಿದ್ದರೆ ಕೇಳಲು ಒಂದು ಬಾಗಿಲಿದೆ. ಬಾಡಿಗೆ ಮನೆಯಲ್ಲಿ, ಶೀಟಿನ ಶೆಡ್ಡಿನಲ್ಲಿ ನಡೆಯುವ ಸ್ವತಂತ್ರ ಸಭೆಗಳಲ್ಲಿ ಎಷ್ಟೋ ಸಲ ಕಾಣಿಕೆ ಎಣಿಸುವವರು, ಖರ್ಚು ಮಾಡುವವರು, ಲೆಕ್ಕ ಬರೆಯುವವರು ಒಬ್ಬರೇ. ಅವರಲ್ಲಿ ಬಹುಪಾಲು ಪ್ರಾಮಾಣಿಕರೇ ಇರಬಹುದು. ಕೆಲವರು ಕೂಲಿ ಮಾಡಿ, ಆಟೊ ಓಡಿಸಿ ತಮ್ಮ ಕೈಯಿಂದಲೇ ಸಭೆ ನಡೆಸುತ್ತಾರೆ. ಆದರೆ ಪ್ರಾಮಾಣಿಕತೆಗೆ ಸಾಕ್ಷಿ ಬೇಕಾಗುವ ದಿನ ಬರುತ್ತದೆ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆಯ ಗತಿ ಏನೇ ಆಗಲಿ, ನೆರೆಹೊರೆಯ ಅನುಮಾನ ಸಂಪುಟದ ಮಾತು ಕೇಳುವುದಿಲ್ಲ. ಅಂಥ ಹೊತ್ತಿನಲ್ಲಿ ಇಬ್ಬರ ರುಜು ಇರುವ ಲೆಕ್ಕದ ಪುಸ್ತಕ ಪಾಲಕನ ಪರವಾಗಿ ಮಾತಾಡುತ್ತದೆ.

ಹಾಗಾದರೆ ಓದು, ತರಬೇತಿ? ಬೇಕು, ಅದರಲ್ಲಿ ಅನುಮಾನವಿಲ್ಲ. 1847ರಲ್ಲಿ ಶುರುವಾದ ಬಾಸೆಲ್ ಮಿಷನ್ನಿನ ಮಂಗಳೂರಿನ ಸೆಮಿನರಿಯೂ ತುಮಕೂರಿನ ಕನ್ನಡ ಸೆಮಿನರಿಯೂ ಕೂಡಿ 1965ರಲ್ಲಿ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಮನೆ, ಉದ್ಯೋಗ ಬಿಟ್ಟು ಬರಲಾಗದವರಿಗೆ ಊರಿನಲ್ಲೇ ಕುಳಿತು ಓದುವಂತೆ 1971ರಲ್ಲಿ ಬೆಂಗಳೂರಿನಲ್ಲಿ ಟ್ಯಾಫ್ಟಿ ಎಂಬ ಸಂಸ್ಥೆ ಹುಟ್ಟಿತು. ಗ್ರೀಕ್ ಹೀಬ್ರೂ ಅಷ್ಟಿಷ್ಟು ಬಲ್ಲವನು ಬೈಬಲ್ಲಿನ ಒಂದು ವಾಕ್ಯವನ್ನು ಎಳೆದು ಜಗ್ಗಿ ತನಗೆ ಬೇಕಾದ ಅರ್ಥ ಹೊರಡಿಸುವ ಮುಂಚೆ ಎರಡು ಸಲ ಯೋಚಿಸುತ್ತಾನೆ. ಇಷ್ಟಾದರೂ ದೊಡ್ಡ ಲಾಭ. ಕಷ್ಟ ಇರುವುದು ಬೇರೆ ಕಡೆ: ನಾಲ್ಕು ವರ್ಷ ಓದಿ ಬಂದ ಹುಡುಗನನ್ನು ನೇರ ಪೀಠಕ್ಕೆ ಏರಿಸಿಬಿಡುತ್ತೇವೆ. ಯಾರಿಂದಲೂ ಮಾತು ಕೇಳಿಸಿಕೊಳ್ಳದೆ ದೊಡ್ಡವನಾದವನಿಗೆ ಮಾತು ಹೇಳುವವರು ಆಮೇಲೆ ಸಿಗುವುದಿಲ್ಲ. ಹೊಸದಾಗಿ ಬಂದವನನ್ನು ಮೇಲ್ವಿಚಾರಕನನ್ನಾಗಿ ಮಾಡಬೇಡ, ಉಬ್ಬಿ ಬಿದ್ದಾನು ಎಂಬ ಬುದ್ಧಿವಾದ ಬೈಬಲ್ಲಿನಲ್ಲಿ ತಿಮೊಥೆಯನಿಗೆ ಬರೆದ ಪತ್ರದಲ್ಲೇ ಇದೆ.

ಗಟ್ಟಿ ಆಳಿಲ್ಲದೆ ಯಾವುದೂ ಶುರುವಾಗದು ಎನ್ನುವವರೂ ಇದ್ದಾರೆ, ಶುರುವಿನ ಮಟ್ಟಿಗೆ ಅವರು ಸರಿ. ಒಂದು ಹೊಸ ಸಭೆ ಒಬ್ಬನ ಮೊಂಡುತನದಿಂದಲೇ ನಿಲ್ಲುತ್ತದೆ. ಆದರೆ ಶುರುಮಾಡಿದವನಿಗೆ ಅರುವತ್ತಾಗುವ ಹೊತ್ತಿಗೆ ಪ್ರಶ್ನೆ ಬದಲಾಗುತ್ತದೆ: ಜಾಗದ ಪತ್ರ ಯಾರ ಹೆಸರಿನಲ್ಲಿದೆ, ಟ್ರಸ್ಟಿನಲ್ಲಿ ಮನೆಯವರನ್ನು ಬಿಟ್ಟು ಇನ್ಯಾರಿದ್ದಾರೆ, ಮಗನಲ್ಲದೆ ಬೇರೆ ಯಾರಿಗಾದರೂ ಪ್ರಸಂಗ ಮಾಡಲು ಕಲಿಸಿದ್ದಾರೆಯೇ? ಚನ್ನರಾಯಪಟ್ಟಣದವರು ಇದಕ್ಕೆ ದೂರದ ಉದಾಹರಣೆ ಹುಡುಕಬೇಕಿಲ್ಲ. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1970ರಿಂದ ಪೀಠದಲ್ಲಿದ್ದ ಚಾರುಕೀರ್ತಿ ಭಟ್ಟಾರಕರು 2023ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಉತ್ತರಾಧಿಕಾರಿಯ ಆಯ್ಕೆ ಮೊದಲೇ ಆಗಿತ್ತು. ಮಠದ ಪೀಠವೂ ಕ್ರೈಸ್ತ ಸಭೆಯೂ ಒಂದೇ ಅಲ್ಲ. ಆದರೂ ತಾನು ಹೋಗುವವನು ಎಂಬುದನ್ನು ಮುಂಚೆಯೇ ಒಪ್ಪಿಕೊಂಡು ಆಡಳಿತ ನಡೆಸುವ ಶಿಸ್ತು ನೆರೆಯವರಿಂದ ಕಲಿತರೆ ತಪ್ಪೇನಿಲ್ಲ.

ಕಲಿಯಲು ಖರ್ಚೂ ಇಲ್ಲ. ತಿಂಗಳಿಗೊಂದು ಭಾನುವಾರ ಪಾಲಕರು ಊರಿನಲ್ಲೇ ಇದ್ದು ಪೀಠ ಏರದಿರಲಿ. ಹಿಂದಿನ ಸಾಲಿನ ಚಾಪೆಯ ಮೇಲೆ ಮಕ್ಕಳ ಪಕ್ಕದಲ್ಲಿ ಕುಳಿತು, ರಾಗಿ ಕೊಯ್ಲಿನ ಕೈಯಲ್ಲಿ ಬೈಬಲ್ ಹಿಡಿದವನು ತಡವರಿಸುತ್ತ ಮಾತಾಡುವುದನ್ನು ಕೊನೆಯವರೆಗೂ ಕೇಳಲಿ. ನಡುವೆ ಎದ್ದು ತಿದ್ದಬಾರದು, ಅಷ್ಟೆ.